ನೋಂದಣಿಯಾದ ಮನೆಗೆ ಹೊಣೆ ಯಾರು?

ಬೆಂಗಳೂರಿನ ಯಾವುದೇ ಉಪ ನೋಂದಣಾಧಿಕಾರಿ ಕಚೇರಿಯ ಮುಂದೆ ಬೆಳಿಗ್ಗೆ ಹತ್ತೂವರೆಗೆ ನಿಂತರೂ ಮನೆ ಕೊಳ್ಳಲು ಬಂದವರನ್ನು ಗುರುತಿಸುವುದು ಕಷ್ಟವಲ್ಲ. ಎದೆಗವಚಿಕೊಂಡ ಫೈಲು, ಊರಿನಿಂದ ಬಂದ ಅಪ್ಪ ಅಮ್ಮ, ಸಾಕ್ಷಿ ಹಾಕಲು ಕರೆತಂದ ಗೆಳೆಯ, ನಡುನಡುವೆ ಫೋನಿನಲ್ಲಿ ಬ್ಯಾಂಕಿನವರ ಜೊತೆ ಮಾತು. ಸರದಿ ಬಂದಾಗ ಒಳಗೆ ಹೋಗಿ ಕ್ಯಾಮೆರಾಕ್ಕೆ ಮುಖ ಕೊಟ್ಟು, ಹೆಬ್ಬೆಟ್ಟು ಒತ್ತಿ, ಸಹಿ ಹಾಕಿ ಹೊರಬರುತ್ತಾರೆ. ಅಲ್ಲೇ ಮೆಟ್ಟಿಲ ಮೇಲೆ ಸಿಹಿ ಹಂಚುವವರೂ ಇದ್ದಾರೆ. ಇನ್ನು ಮನೆ ತಮ್ಮದಾಯಿತು ಎಂದು ಅವರು ನಂಬುತ್ತಾರೆ. ನಂಬದೆ ಇರಲು ಕಾರಣವೂ ಕಾಣುವುದಿಲ್ಲ. ಸರ್ಕಾರದ ಕಚೇರಿ, ಸರ್ಕಾರದ ಮೊಹರು, ಸರ್ಕಾರಕ್ಕೆ ಕಟ್ಟಿದ ಲಕ್ಷಗಟ್ಟಲೆ ಶುಲ್ಕ ಎಲ್ಲವೂ ಕಣ್ಣೆದುರಿಗೇ ಇವೆ.

ಆದರೆ ಕಾನೂನಿನ ಕಣ್ಣಿನಲ್ಲಿ ಆ ಕಚೇರಿಯಲ್ಲಿ ನೋಂದಣಿಯಾದದ್ದು ಕ್ರಯಪತ್ರ ಎಂಬ ಒಂದು ದಸ್ತಾವೇಜು ಮಾತ್ರ. ಇಂಥ ದಿನ ಇಂಥವರು ಇಂಥವರಿಗೆ ಹೀಗೊಂದು ಪತ್ರ ಬರೆದುಕೊಟ್ಟರು ಎಂಬುದಕ್ಕಷ್ಟೇ ಸರ್ಕಾರ ಸಾಕ್ಷಿ. ಬರೆದುಕೊಟ್ಟವರಿಗೆ ಆ ಆಸ್ತಿಯ ಮೇಲೆ ಹಕ್ಕಿತ್ತೇ ಎಂಬ ಪ್ರಶ್ನೆಗೆ 1908ರ ನೋಂದಣಿ ಕಾಯ್ದೆ ಉತ್ತರ ಹೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಮಾರುವವರು ತಮ್ಮ ಹಕ್ಕಿನ ಮೂಲಪತ್ರ ತೋರಿಸದಿದ್ದರೆ ನೋಂದಣಿಯನ್ನು ನಿರಾಕರಿಸಬಹುದು ಎಂದು ಆ ರಾಜ್ಯ ನಿಯಮ ಮಾಡಿಕೊಂಡಿತ್ತು. ಮಾರುವವರ ಒಡೆತನವನ್ನು ಪರಿಶೀಲಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ ಎಂದು ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಈಗಿನ ಕಾಯ್ದೆಯನ್ನು ಓದಿದರೆ ತೀರ್ಪು ಸರಿಯೇ. ಸರಿಯಿಲ್ಲದಿರುವುದು ಕಾಯ್ದೆ.

ಬೆಂಗಳೂರಿನಲ್ಲಿ ಮನೆ ಹುಡುಕುವವರ ಕಷ್ಟವನ್ನು ಬೆಲೆಯ ಕಷ್ಟವೆಂದೇ ಎಲ್ಲರೂ ವಿವರಿಸುತ್ತಾರೆ. ಬೆಲೆ ಹೆಚ್ಚಿರುವುದು ನಿಜ. ಆದರೆ ಈ ಊರಿನಲ್ಲಿ ಎಲ್ಲಕ್ಕಿಂತ ದುರ್ಲಭವಾದದ್ದು ಕಾಗದಪತ್ರ ಶುದ್ಧವಾಗಿರುವ ಮನೆ. ಅಂಥದ್ದನ್ನು ಕಂಡುಹಿಡಿಯುವ ಹೊರೆಯನ್ನು, ಕಂಡುಹಿಡಿಯಲಾಗದಿದ್ದರೆ ಅನುಭವಿಸಬೇಕಾದ ನಷ್ಟವನ್ನು ಎಲ್ಲರಿಗಿಂತ ಕಡಿಮೆ ತಿಳಿದಿರುವ ಕೊಳ್ಳುಗನ ತಲೆಗೇ ಕಟ್ಟಲಾಗಿದೆ.

ಮನೆಗಳೇ ಇಲ್ಲ ಎನ್ನುವುದನ್ನು ಅಂಕಿಗಳೂ ಪೂರ್ತಿ ಒಪ್ಪುವುದಿಲ್ಲ. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡವೊಂದು ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಲೆಕ್ಕ ಹಾಕಿತು. 2011ರ ಜನಗಣತಿಯಲ್ಲಿ ಅದೇ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿರುವುದು ಕಂಡುಬಂದಿತ್ತು. ಕೊರತೆಯಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ಆದಾಯದವರದು. ಬೀಗ ಹಾಕಿದ ಮನೆಗಳ ಹಿಂದೆ ಹೂಡಿಕೆಯ ಆಸೆಯಿದೆ, ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳಲಾದೀತೇ ಎಂಬ ಭಯವಿದೆ, ಕೋರ್ಟಿನಲ್ಲಿ ಸಿಕ್ಕಿಕೊಂಡ ವ್ಯಾಜ್ಯವೂ ಇದೆ.

ಬೆಲೆಯ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡೋಣ. ಗಂಡ ಹೆಂಡತಿ ಇಬ್ಬರೂ ದುಡಿಯುವ ಒಂದು ಕುಟುಂಬ ಕಟ್ಟಡದ ಹಂತದಲ್ಲಿರುವ 90 ಲಕ್ಷ ರೂಪಾಯಿಯ ಫ್ಲ್ಯಾಟ್ ಕೊಳ್ಳಲು ಹೊರಟಿದೆ ಎಂದಿಟ್ಟುಕೊಳ್ಳಿ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 80ರಷ್ಟನ್ನು ಮಾತ್ರ ಬ್ಯಾಂಕುಗಳು ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ಮಿತಿ. ಹಾಗಾಗಿ 72 ಲಕ್ಷ ಸಾಲ, 18 ಲಕ್ಷ ಕೈಯಿಂದ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಎಲ್ಲ ಕೂಡಿಸಿದರೆ ಶೇ 7.6, ಅಂದರೆ ಸುಮಾರು 6.84 ಲಕ್ಷ. ಕಟ್ಟಡ ಮುಗಿಯದ ಫ್ಲ್ಯಾಟಿಗೆ ಶೇ 5ರ ಜಿಎಸ್‌ಟಿ ಎಂದು ಇನ್ನೂ 4.5 ಲಕ್ಷ. ಶುಲ್ಕಕ್ಕೂ ನೋಂದಣಿಗೂ ಸಾಲ ಸಿಗುವುದಿಲ್ಲವಾದ್ದರಿಂದ ಸುಮಾರು 29 ಲಕ್ಷ ರೂಪಾಯಿ ಮನೆಯೊಳಗೆ ಕಾಲಿಡುವ ಮೊದಲೇ ಕೈಯಲ್ಲಿರಬೇಕು. 72 ಲಕ್ಷದ ಸಾಲಕ್ಕೆ ಶೇ 8ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ 60 ಸಾವಿರ ದಾಟುತ್ತದೆ. ಅವಧಿ ಮುಗಿಯುವ ಹೊತ್ತಿಗೆ ಅಸಲಿನಷ್ಟೇ ಬಡ್ಡಿಯನ್ನೂ ಕಟ್ಟಿರುತ್ತಾರೆ.

ಅಪ್ಪನ ನಿವೃತ್ತಿಯ ಹಣ, ಅಮ್ಮನ ಒಡವೆ, ಊರಿನ ಅರ್ಧ ಎಕರೆ ಎಲ್ಲವೂ ಆ 29 ಲಕ್ಷದೊಳಗೆ ಸೇರಿರುತ್ತವೆ. ಇಷ್ಟನ್ನೂ ಒಂದೇ ವ್ಯವಹಾರದಲ್ಲಿ ಇಟ್ಟವರಿಗೆ ಸರ್ಕಾರ ಕೊಡುವ ಖಾತರಿ ಏನು? ಮಾರುಕಟ್ಟೆಯಲ್ಲಿ ಕೊಂಡ ಫ್ಯಾನಿಗೆ ಸಿಗುವಷ್ಟು ಗ್ಯಾರಂಟಿಯೂ ಇಲ್ಲ.

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. 1898ರ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿಗಳು ಬೆಳೆದಾಗ ಬಡಾವಣೆ ಮಾಡಿ ನಿವೇಶನ ಹಂಚುವುದು ಸರ್ಕಾರದ ಕೆಲಸವೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 1945ರಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆ ಕೆಲಸವನ್ನು ಮುಂದುವರಿಸಿದವು. ಬಿಡಿಎ ಹಂಚಿದ ಸೈಟು ಎಂದರೆ ಹಕ್ಕಿನ ಬಗ್ಗೆ ಎರಡನೆಯ ಮಾತಿಲ್ಲ ಎಂದು ಜನ ಇಂದಿಗೂ ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಊರು ಬೆಳೆದ ವೇಗಕ್ಕೆ ಬಿಡಿಎ ಹೆಜ್ಜೆ ಹಾಕಲಿಲ್ಲ. 2003ರಲ್ಲಿ ಅಧಿಸೂಚನೆ ಹೊರಟ ಅರ್ಕಾವತಿ ಬಡಾವಣೆ ಸುಪ್ರೀಂ ಕೋರ್ಟ್ ತನಕ ಹೋಗಿ 2010ರಲ್ಲಿ ತೀರ್ಪು ಬಂದ ಮೇಲೂ ವಿವಾದದಿಂದ ಹೊರಬರಲಿಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಬಂದರೂ ಮೊದಲ ಹಂಚಿಕೆಗೆ 2016 ಆಗಬೇಕಾಯಿತು. ಹಂಚಿಕೆಯಾದ ಮೇಲೂ ರಸ್ತೆ, ನೀರು, ಚರಂಡಿಗಾಗಿ ಜನ ವರ್ಷಗಟ್ಟಲೆ ಕಾದರು. ನಗರದ ಮಹಾಯೋಜನೆಯದೂ ಇದೇ ಕಥೆ. 2007ರಲ್ಲಿ ಒಪ್ಪಿಗೆ ಪಡೆದ ಯೋಜನೆಯ ಗುರಿ 2015. ಅದರ ಮುಂದಿನ, 2031ರ ಯೋಜನೆಯ ಕರಡು 2017ರಲ್ಲಿ ಪ್ರಕಟವಾಯಿತು, ಜಾರಿಗೆ ಬರಲೇ ಇಲ್ಲ.

ಸರ್ಕಾರ ಬಿಟ್ಟ ಆ ಜಾಗವನ್ನು ರೆವಿನ್ಯೂ ಸೈಟು ತುಂಬಿತು. ರೈತರ ಹೊಲವನ್ನು ಭೂ ಪರಿವರ್ತನೆ ಇಲ್ಲದೆ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇಲ್ಲದೆ, ಸುಣ್ಣದ ಗೆರೆ ಎಳೆದು ಮೂವತ್ತು ನಲವತ್ತರ ತುಂಡು ಮಾಡಿ ಮಾರಿದರು. ಕೊಂಡವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸದವರು, ಆಟೊ ಚಾಲಕರು, ಸಣ್ಣ ನೌಕರರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ ಇಂಥ ಸೈಟುಗಳೂ ಪಾಲಿಕೆಯೊಳಕ್ಕೆ ಬಂದವು. ತೆರಿಗೆ ಬೇಕಿತ್ತು, ಸಕ್ರಮ ಮಾಡಲು ಕಾನೂನು ಬಿಡುತ್ತಿರಲಿಲ್ಲ. ಪಾಲಿಕೆ ಇವುಗಳಿಗೆಂದೇ ಬೇರೆ ವಹಿ ಇಟ್ಟುಕೊಂಡಿತು. ಅದೇ ಬಿ-ಖಾತಾ. ಖಾತೆ ಎಂಬುದು ತೆರಿಗೆಯ ಲೆಕ್ಕ, ಒಡೆತನದ ಪತ್ರವಲ್ಲ. ಆದರೂ ಜನರ ಬಾಯಲ್ಲಿ ಅದೇ ಮನೆಯ ಜಾತಕವಾಯಿತು. ಒಂದೇ ಬೀದಿಯಲ್ಲಿ ಎದುರುಬದುರಾಗಿರುವ ಎರಡು ಮನೆಗಳಲ್ಲಿ ಎ-ಖಾತಾ ಇದ್ದುದಕ್ಕೆ ಒಂದು ಬೆಲೆ, ಬಿ-ಖಾತಾ ಇದ್ದುದಕ್ಕೆ ಇನ್ನೊಂದು. ಮೊದಲನೆಯದಕ್ಕೆ ಸಾಲ ಕೊಡಲು ಬ್ಯಾಂಕುಗಳೇ ಹುಡುಕಿಕೊಂಡು ಬರುತ್ತವೆ. ಎರಡನೆಯದನ್ನು ಕೊಳ್ಳುವವರು ಹೆಚ್ಚಿನ ಬಡ್ಡಿಗೆ ಖಾಸಗಿ ಸಂಸ್ಥೆಗಳ ಮೊರೆಹೋಗುತ್ತಾರೆ. ಬಡವರು ಕೊಂಡ ಸೈಟಿಗೇ ಬಡ್ಡಿ ಹೆಚ್ಚು.

ಸರಿಪಡಿಸುವ ಪ್ರಯತ್ನಗಳು ಆಗಿಲ್ಲವೆಂದಲ್ಲ. ಅಕ್ರಮ-ಸಕ್ರಮ ಯೋಜನೆಯನ್ನು 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಇದು ನಿಜವಾಗಿಯೂ ಕಡಿವಾಣ ಹಾಕಬಲ್ಲದು. 2025ರ ಕೊನೆಯಲ್ಲಿ ಮಾರ್ಗಸೂಚಿ ದರದ ಶೇ 5ರಷ್ಟು ಶುಲ್ಕ ಕಟ್ಟಿಸಿಕೊಂಡು ಬಿ-ಖಾತಾ ನಿವೇಶನಗಳನ್ನು ಎ-ಖಾತಾಕ್ಕೆ ತರುವ ಯೋಜನೆಯೂ ಶುರುವಾಯಿತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಇವುಗಳಲ್ಲಿ ಯಾವುದೂ ಕೊಳ್ಳುವವರ ಮೂಲ ಪ್ರಶ್ನೆಗೆ ಉತ್ತರಿಸುವುದಿಲ್ಲ: ನಾಳೆ ಯಾರಾದರೂ ಬಂದು ಈ ಜಾಗ ತಮ್ಮದೆಂದರೆ ಹೊಣೆ ಯಾರು?

ಅಂಥವರು ಬರುವ ದಾರಿಗಳು ಹಲವು. ಋಣಭಾರ ಪ್ರಮಾಣಪತ್ರವನ್ನು ಜನ ರಕ್ಷಾಕವಚವೆಂದು ತಿಳಿಯುತ್ತಾರೆ. ಆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಕರಾರು, ಬಾಯಿಮಾತಿನಲ್ಲಿ ಆದ ಪಾಲುಪಟ್ಟಿ, ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಇರುವುದಿಲ್ಲ. ಹೆಣ್ಣುಮಕ್ಕಳ ಹಕ್ಕಿನ ವಿಷಯ ನೋಡಿ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ, ದೇಶ 2005ರಲ್ಲಿ ಒಪ್ಪಿಕೊಂಡಿತು. ಆ ಹಕ್ಕಿನ ವ್ಯಾಪ್ತಿಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತು. ಇದು ನ್ಯಾಯವಾದ ಹಕ್ಕು. ಆದರೂ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಜಮೀನಿನ ಮೇಲೆ ಎದ್ದ ಬಡಾವಣೆಗಳು ನಗರದ ಸುತ್ತ ಎಷ್ಟೋ ಇವೆ. ಅದೇ ರೀತಿ 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿ ಅನುಮತಿಯಿಲ್ಲದೆ ಕೈಬದಲಾದರೆ ಆ ಮಾರಾಟವೇ ಅಸಿಂಧು ಎನ್ನುತ್ತದೆ. 2023ರ ತಿದ್ದುಪಡಿ ಆ ಹಕ್ಕನ್ನು ಕೇಳಲು ಕಾಲಮಿತಿಯಿಲ್ಲ ಎಂದಿತು. ಮೂಲ ಮಂಜೂರಾತಿದಾರರ ಕುಟುಂಬ ಭೂಮಿ ಕೇಳುವುದರಲ್ಲಿ ತಪ್ಪಿಲ್ಲ. ತಪ್ಪು ಮಾಡಿದವರು ಅದರ ಮೂಲ ಗೊತ್ತಿದ್ದೂ ತುಂಡು ಮಾಡಿ ಮಾರಿ ಹಣ ಎಣಿಸಿಕೊಂಡು ಹೋದವರು. ಆದರೆ ಕೋರ್ಟಿನಲ್ಲಿ ಎದುರುಬದುರು ನಿಲ್ಲುವವರು ಭೂಮಿ ಕಳೆದುಕೊಂಡ ಬಡವರು ಮತ್ತು ಸಾಲ ಮಾಡಿ ಮನೆ ಕಟ್ಟಿದ ಮಧ್ಯಮ ವರ್ಗದವರು.

2016ರ ಆಗಸ್ಟ್‌ನಲ್ಲಿ ರಾಜಕಾಲುವೆಯ ಒತ್ತುವರಿ ತೆರವಿಗೆಂದು ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿ ನಗರಕ್ಕೆ ಜೆಸಿಬಿಗಳು ಬಂದದ್ದು ಹಲವರಿಗೆ ನೆನಪಿರಬಹುದು. ಮನೆ ಕಳೆದುಕೊಂಡವರ ಕೈಯಲ್ಲಿ ಕ್ರಯಪತ್ರವಿತ್ತು, ತೆರಿಗೆ ರಸೀತಿಯಿತ್ತು, ಬ್ಯಾಂಕಿನ ಸಾಲದ ಕಾಗದವಿತ್ತು. ರಾಜಕಾಲುವೆ ಉಳಿಯಬೇಕು; ಉಳಿಯದಿದ್ದರೆ 2022ರ ಸೆಪ್ಟೆಂಬರ್‌ನಂತೆ ಊರು ಮುಳುಗುತ್ತದೆ. ಹಾಗೆಂದು ಕಾಲುವೆಯ ಮೇಲಿನ ಜಾಗಕ್ಕೆ ನೋಂದಣಿ ಶುಲ್ಕ ಕಟ್ಟಿಸಿಕೊಂಡ, ತೆರಿಗೆ ಪಡೆದ ಸರ್ಕಾರದ ಪಾಲಿನ ತಪ್ಪನ್ನು ಕೊನೆಯ ಕೊಳ್ಳುಗನೊಬ್ಬನೇ ಏಕೆ ಹೊರಬೇಕು?

ಇಂಥ ತಪ್ಪುಗಳಿಗೆ ಮಾರುಕಟ್ಟೆಯ ಬಿಗಿ ಇನ್ನಷ್ಟು ಅವಕಾಶ ಮಾಡಿಕೊಡುತ್ತದೆ. ಮನೆಗಳು ಬೇಕಾದಷ್ಟಿದ್ದರೆ ಕೊಳ್ಳುವವರು ಮೂರು ತಿಂಗಳು ಕೂತು ಮೂವತ್ತು ವರ್ಷದ ಪತ್ರಗಳನ್ನು ವಕೀಲರಿಂದ ಓದಿಸುತ್ತಾರೆ. ಬಿಗಿಯಿದ್ದಾಗ ಬ್ರೋಕರು ಹೇಳುವ ಮಾತು ಒಂದೇ: ‘ನಿನ್ನೆ ಸಂಜೆ ಇನ್ನೊಬ್ಬರು ನೋಡಿಕೊಂಡು ಹೋಗಿದ್ದಾರೆ ಸಾರ್, ಇವತ್ತೇ ಟೋಕನ್ ಕೊಟ್ಟುಬಿಡಿ.’ ಕೊಟ್ಟ ಮೇಲೆ ಹಿಂದೆ ಸರಿದರೆ ಟೋಕನ್ ಹೋಯಿತು. ಅದನ್ನು ಉಳಿಸಿಕೊಳ್ಳಲು ಅಗ್ರಿಮೆಂಟು, ಅಗ್ರಿಮೆಂಟಿಗೆ ದೊಡ್ಡ ಅಡ್ವಾನ್ಸು. ಅನುಮಾನ ಹುಟ್ಟುವ ಹೊತ್ತಿಗೆ ವಾಪಸಾಗುವ ದಾರಿ ಮುಚ್ಚಿರುತ್ತದೆ. ನೋಂದಾಯಿತ ಕರಾರು ಇಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದು 2016ರ ರೇರಾ ಕಾಯ್ದೆ ಹೇಳುತ್ತದೆ. ಅದು ನೋಂದಾಯಿತ ಯೋಜನೆಗಳ ಡೆವಲಪರ್‌ಗಳಿಗೆ ಅನ್ವಯ. ಹಳೆಯ ಮನೆ ಕೊಳ್ಳುವವರಿಗೆ, ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇಲ್ಲದ ಸಣ್ಣ ಕಟ್ಟಡಗಳಲ್ಲಿ ಕೊಳ್ಳುವವರಿಗೆ ಆ ರಕ್ಷಣೆಯಿಲ್ಲ.

ಹೊರೆಯೆಲ್ಲ ಕೊನೆಗೆ ಕೊಳ್ಳುವವರ ತಲೆಗೇ ಬರುತ್ತದೆ ಎಂಬುದನ್ನು ಓಸಿ ಎಂದೇ ಎಲ್ಲರೂ ಕರೆಯುವ ಸ್ವಾಧೀನಾನುಭವ ಪತ್ರದ ಪ್ರಕರಣವೂ ತೋರಿಸುತ್ತದೆ. ಓಸಿ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ಅದು ಜಾರಿಯಾದಾಗ ಎಷ್ಟೋ ಹೊಸ ಮನೆಗಳು ಕರೆಂಟಿಲ್ಲದೆ ನಿಂತವು. ಆಮೇಲೆ 1,200 ಚದರ ಅಡಿವರೆಗಿನ ನಿವೇಶನಗಳ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ನಕ್ಷೆ ಮೀರಿ ಮಹಡಿ ಎಬ್ಬಿಸಿದವರು ಮಾರಿ ಮುಗಿಸಿ ಹೋಗಿದ್ದರು. ಕತ್ತಲಲ್ಲಿ ಕೂತವರು ಕೊಂಡವರು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡಕ್ಕೂ ತೂಕವಿದೆ.

ಮೊದಲನೆಯದು, ಇಷ್ಟು ಕಷ್ಟಪಟ್ಟು ಕೊಳ್ಳುವುದೇಕೆ, ಬಾಡಿಗೆಗೆ ಇದ್ದರಾಗದೇ ಎಂಬುದು. ಬರೀ ಲೆಕ್ಕ ನೋಡಿದರೆ ಬಾಡಿಗೆಯೇ ಲಾಭ ಎನ್ನುವ ವರ್ಷಗಳುಂಟು. ಆದರೆ ಬೆಂಗಳೂರಿನ ಬಾಡಿಗೆದಾರರಿಗೆ ನೆಮ್ಮದಿ ಎಲ್ಲಿದೆ? ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಹನ್ನೊಂದು ತಿಂಗಳ ಕರಾರು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಆ ಬಾಡಿಗೆಗೆ ಇಂದು ಕುಟುಂಬವೊಂದು ಇರುವ ಮನೆ ಸಿಗದು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಆದರೆ ಅದು ರಾಜ್ಯಗಳು ಒಪ್ಪಿ ಕಾನೂನು ಮಾಡಿಕೊಂಡರಷ್ಟೇ ಜಾರಿಗೆ ಬರುತ್ತದೆ. ಬಾಡಿಗೆಮನೆಯಲ್ಲಿ ಭದ್ರತೆ ಇದ್ದರೆ ಅರ್ಧಕ್ಕರ್ಧ ಜನ ಆತುರಪಟ್ಟು ಕೊಳ್ಳಲು ಹೋಗುವುದಿಲ್ಲ, ಮಾರುಕಟ್ಟೆಯ ಬಿಗಿಯೂ ಸಡಿಲವಾಗುತ್ತದೆ. ಹಾಗಾಗಿ ಇದು ಮನೆ ಕೊಳ್ಳುವುದಕ್ಕೆ ಎದುರಾದ ವಾದವಲ್ಲ, ಬಾಡಿಗೆಯ ಕಾನೂನನ್ನು ತಿದ್ದಬೇಕೆಂಬ ವಾದ.

ಎರಡನೆಯದು ಇನ್ನೂ ಗಂಭೀರ. ಒಡೆತನಕ್ಕೆ ಸರ್ಕಾರವೇ ಖಾತರಿ ಕೊಡಲು ಹೊರಟರೆ ಅಧಿಕಾರಿಯ ಒಂದು ತಪ್ಪಿನಿಂದ ಬಡವರ ಭೂಮಿ ಶಾಶ್ವತವಾಗಿ ಇನ್ನೊಬ್ಬರ ಹೆಸರಿಗೆ ಹೋಗಬಹುದು ಎಂಬ ಭಯ. ನೆರೆಯ ಆಂಧ್ರಪ್ರದೇಶದಲ್ಲಿ ಇದು ಕಲ್ಪನೆಯಾಗಿ ಉಳಿಯಲಿಲ್ಲ. ಅಲ್ಲಿ 2023ರಲ್ಲಿ ಜಾರಿಗೆ ಬಂದ ಭೂ ಹಕ್ಕು ಕಾಯ್ದೆ ವಿವಾದಗಳನ್ನು ಸಿವಿಲ್ ನ್ಯಾಯಾಲಯಗಳಿಂದ ತಪ್ಪಿಸಿ ಅಧಿಕಾರಿಗಳ ಕೈಗೆ ಕೊಡುತ್ತದೆಂದು ವಕೀಲರು ಬೀದಿಗಿಳಿದರು, ರೈತರು ಹೆದರಿದರು. ಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾಗಿ 2024ರಲ್ಲಿ ಬಂದ ಹೊಸ ಸರ್ಕಾರ ಕಾಯ್ದೆಯನ್ನೇ ರದ್ದು ಮಾಡಿತು. ಕರ್ನಾಟಕ ಇದರಿಂದ ಕಲಿಯಬೇಕಾದದ್ದಿದೆ. ನ್ಯಾಯಾಲಯದ ಬಾಗಿಲು ಮುಚ್ಚಿ ಕೊಡುವ ಖಾತರಿ ಖಾತರಿಯಲ್ಲ.

ಬೇರೆ ದಾರಿಯೂ ಇದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ರೂಪಿಸಿದ ಕಾಯ್ದೆಯಲ್ಲಿ ಸರ್ಕಾರದ ವಹಿಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ವಹಿ ತಪ್ಪಿ ಯಾರಿಗಾದರೂ ನಷ್ಟವಾದರೆ ಅದಕ್ಕೆಂದೇ ಇಟ್ಟ ನಿಧಿಯಿಂದ ಪರಿಹಾರ. ಮಲೇಷ್ಯಾ, ಸಿಂಗಪುರಗಳೂ ಅದೇ ಪದ್ಧತಿಯನ್ನು ಅನುಸರಿಸಿದವು. ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಮನೆ ಕೊಂಡ ಕನ್ನಡಿಗರು ವಂಶವೃಕ್ಷ, ಮೂಲಪತ್ರ, ಪಹಣಿಗಳ ಕಂತೆ ಹಿಡಿದು ಅಲೆಯಬೇಕಿಲ್ಲದಿರುವುದಕ್ಕೆ ಕಾರಣ ಈ ವಹಿ. ನೂರಾರು ವರ್ಷಗಳ ಇನಾಮು, ಮಂಜೂರಾತಿ, ಪಾಲುಪಟ್ಟಿಗಳ ಕರ್ನಾಟಕಕ್ಕೆ ಅದನ್ನು ಇದ್ದಂತೆಯೇ ತಂದು ಹೊದಿಸಲಾಗದು. ಆದರೆ ಮೊದಲ ಹೆಜ್ಜೆಗೆ ಹೊಸ ಕಾಯ್ದೆಯೂ ಬೇಕಿಲ್ಲ. ಯೋಜನೆಯ ಜಮೀನಿನ ಹಕ್ಕಿಗೆ ಡೆವಲಪರ್ ವಿಮೆ ಮಾಡಿಸಬೇಕೆಂದು ರೇರಾ ಕಾಯ್ದೆಯ 16ನೇ ಕಲಮು ಹೇಳುತ್ತದೆ. ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಅದು ಕಡ್ಡಾಯವಾಗುತ್ತದೆ. ಹಕ್ಕಿನ ದೋಷದಿಂದ ನಷ್ಟವಾದರೆ ಡೆವಲಪರ್ ಪರಿಹಾರ ಕೊಡಬೇಕು, ಅದಕ್ಕೆ ಕಾಲಮಿತಿಯ ಅಡ್ಡಿಯಿಲ್ಲ ಎಂದು 18ನೇ ಕಲಮು ಈಗಾಗಲೇ ಹೇಳಿದೆ. ಪರಿಹಾರ ಕೊಡಬೇಕಾದ ಕಂಪನಿಯೇ ಬಾಗಿಲು ಹಾಕಿದ್ದರೆ ಆ ಮಾತಿನಿಂದ ಪ್ರಯೋಜನವಿಲ್ಲ. ವಿಮೆ ಬೇಕಿರುವುದು ಅದಕ್ಕೇ.

ಎರಡನೆಯ ಹೆಜ್ಜೆ ಹಳೆಯ ಮನೆಗಳದು. ಕಾವೇರಿ ತಂತ್ರಾಂಶದಲ್ಲಿ ನೋಂದಣಿ, ಭೂಮಿ ತಂತ್ರಾಂಶದಲ್ಲಿ ಪಹಣಿ, ಇ-ಆಸ್ತಿಯಲ್ಲಿ ಖಾತೆ, ಕೋರ್ಟಿನ ಜಾಲತಾಣದಲ್ಲಿ ದಾವೆ, ಕೆರೆ ಕಾಲುವೆಗಳ ನಕ್ಷೆ ಇನ್ನೆಲ್ಲೋ. ಎಲ್ಲವೂ ಸರ್ಕಾರದ ಬಳಿಯೇ ಇವೆ. ಸರ್ವೆ ನಂಬರು ಕೊಟ್ಟರೆ ಇವೆಲ್ಲ ಒಂದೇ ಹಾಳೆಯಲ್ಲಿ ಸಿಗುವಂತೆ ಮಾಡುವುದು, ಆ ಹಾಳೆಯಲ್ಲಿ ತಪ್ಪಿದ್ದು ಅದನ್ನು ನಂಬಿದವರಿಗೆ ನಷ್ಟವಾದರೆ ಪರಿಹಾರ ನಿಧಿಯಿಂದ ಹಣ ಕೊಡುವುದು ಆಗದ ಕೆಲಸವಲ್ಲ. ಅಲ್ಲಿಯವರೆಗೆ ಮನೆ ಹುಡುಕುತ್ತಿರುವವರು ಟೋಕನ್ ಕೊಡುವ ಮೊದಲೇ ಪತ್ರಗಳನ್ನು ಕೇಳಲಿ. ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಂದ ಓದಿಸಲಿ. ವಂಶವೃಕ್ಷದಲ್ಲಿರುವ ಪ್ರತಿ ಹೆಣ್ಣುಮಗಳ ಸಹಿ ಎಲ್ಲಿದೆ ಎಂದು ಕೇಳಲಿ. ಉತ್ತರ ತಡವಾದರೆ ಆ ಮನೆ ಕೈತಪ್ಪಲಿ.

ಪರಿಹಾರ ನಿಧಿಗೆ ಹಣವೆಲ್ಲಿದೆ ಎಂದು ಸರ್ಕಾರ ಕೇಳಬಹುದು. 2025ರ ಆಗಸ್ಟ್ 31ರ ನಂತರ 90 ಲಕ್ಷದ ಮನೆ ಕೊಂಡ ಪ್ರತಿ ಕುಟುಂಬವೂ ಅದೇ ಕಚೇರಿಯಲ್ಲಿ, ಅದೇ ಸೇವೆಗೆ, ಹಿಂದಿನವರಿಗಿಂತ 90 ಸಾವಿರ ರೂಪಾಯಿ ಹೆಚ್ಚು ನೋಂದಣಿ ಶುಲ್ಕ ಕಟ್ಟಿದೆ. ಆ ಹೆಚ್ಚುವರಿ ಶೇ 1ನ್ನು ಕೊಂಡವರ ಹಕ್ಕಿನ ರಕ್ಷಣೆಗೆ ಮೀಸಲಿಡಬೇಕು.